ಸರ್ ಗಿಲ್ಬರ್ಟ್ ಸ್ಕಾಟ್ ಎಂಬ ದೇವಾಲಯ ಶಿಲ್ಪಿಯ ಚರಿತ್ರೆ



ಹೊನ್ನಾವರದಿಂದ ಶರಾವತಿಯನ್ನು ದಾಟಿ ಕಾಸರಕೋಡಿನ ಮಾರ್ಗವಾಗಿ ತೆಂಕಣಕ್ಕೆ ಹೋಗುವವರಿಗೆ ಅಪ್ಸರಕೊಂಡವೆಂಬ ಗುಡ್ಡವು ಸಿಕ್ಕುತ್ತದೆ. ಅಲ್ಲಿ ಬಂಡೆಯ ಮೇಲಿನಿಂದ ಚಿಕ್ಕದೊಂದು ಜಲಧಾರೆಯು ಕೊಳಕ್ಕೆ ಬೀಳುತ್ತದೆ. ನೆತ್ತಿಯಲ್ಲಿ ನಿಂತವರಿಗೆ ಪಡುವಣ ಸಮುದ್ರವು ಕಣ್ತುಂಬ ಕಾಣುತ್ತದೆ. ಆ ಸೀಮೆಯಲ್ಲಿ ಹಳೆಯ ಗೋಡೆಗಳು ಬಹುಮಟ್ಟಿಗೆ ಕೆಂಪು ಚಿರೆಕಲ್ಲಿನವು. ಆ ಕಲ್ಲು ನೆಲದೊಳಗೆ ಮೆತ್ತಗಿರುತ್ತದೆ. ಕಡಿದು ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ.

ಈ ಮಳೆಗಾಲಕ್ಕೆ ಮುಂಚೆ ನಾವು ಆ ಕಡೆಯ ಒಂದು ಚಿಕ್ಕ ಸಭೆಗೆ ಹೋಗಿದ್ದೆವು. ಅವರ ಪ್ರಾರ್ಥನಾಲಯದ ಒಂದು ಮೂಲೆಯು ಬಿರುಕು ಬಿಟ್ಟಿದೆ; ಮಾಡಿನ ಪಕಾಸಿಗಳಿಗೆ ಗೆದ್ದಲು ಹತ್ತಿದೆ. ಆರಾಧನೆ ಮುಗಿದ ಮೇಲೆ ಜಗಲಿಯಲ್ಲಿ ಕುಳಿತಾಗ ಅವರೊಳಗಿನ ಭಿನ್ನಾಭಿಪ್ರಾಯವು ಹೊರಗೆ ಬಿತ್ತು. ತರುಣರು ಇದನ್ನು ಕೆಡವಿ, ಚಿತ್ರಪಟಗಳಲ್ಲಿ ನೋಡಿದಂಥ ಚೂಪು ಕಿಟಕಿಗಳೂ ಎತ್ತರವಾದ ಗೋಪುರವೂ ಉಳ್ಳ ಹೊಸ ದೇವಾಲಯವನ್ನು ಕಾಂಕ್ರೀಟಿನಿಂದ ಕಟ್ಟಬೇಕೆನ್ನುತ್ತಾರೆ. ಹಿರಿಯರಾದರೋ, ತಮ್ಮ ಅಜ್ಜ ಅಜ್ಜಿಯಂದಿರು ಹಗಲೆಲ್ಲ ಪರರ ಗದ್ದೆಯಲ್ಲಿ ದುಡಿದು ಸಂಜೆಗೆ ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಗೋಡೆಯನ್ನು ಮುಟ್ಟಗೊಡುವುದಿಲ್ಲವೆನ್ನುತ್ತಾರೆ. ಎರಡು ಕಡೆಯವರೂ ನಮ್ಮ ಮುಖವನ್ನು ನೋಡಿದರು. ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಊರಿಗೆ ಹಿಂದಿರುಗುವ ದಾರಿಯಲ್ಲಿ, ಬಾಳಿನುದ್ದಕ್ಕೂ ಇದೇ ಪ್ರಶ್ನೆಯೊಡನೆ ಹೆಣಗಾಡಿದ ಒಬ್ಬ ದೊಡ್ಡ ಮನುಷ್ಯರ ನೆನಪು ನಮಗಾಯಿತು. ಅವರೇ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್.

ಸ್ಕಾಟರು ಇಂಗ್ಲೆಂಡಿನವರು, ಹಿಂದೂದೇಶವನ್ನು ಒಮ್ಮೆಯೂ ಕಂಡವರಲ್ಲ. ಆದರೂ ನಮ್ಮ ಜಿಲ್ಲೆಗೆ ಅವರು ತೀರ ಹೊರಗಿನವರಲ್ಲ. ಉತ್ತರ ಕನ್ನಡವು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತಷ್ಟೆ. ಆಮೇಲೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ನೆಲೆಗೊಳ್ಳುವ ತನಕ ನಮ್ಮ ಕಡೆಯ ಹುಡುಗರು ಮುಂಬಯಿ ವಿಶ್ವವಿದ್ಯಾಲಯದ ಪದವಿಗಳನ್ನೇ ಹೊಂದುತ್ತಿದ್ದರು. ಅಲ್ಲಿಯ ಪದವೀದಾನದ ಮಂದಿರವೂ, ಪುಸ್ತಕಾಲಯವೂ, ಅದರ ಮೇಲೆ 280 ಅಡಿ ಎತ್ತರಕ್ಕೆ ನಿಂತಿರುವ ರಾಜಾಬಾಯಿ ಗೋಪುರವೂ ಸ್ಕಾಟರು ಲಂಡನಿನಲ್ಲಿ ಕುಳಿತು ಬರೆದುಕೊಟ್ಟ ನಕ್ಷೆಗಳಿಂದ ಎದ್ದವು. ಅಗಸೆಗಳಿಂದ ಮಾಡಿನ ತನಕ ದೇವಾಲಯದ ಹೋಲಿಕೆಯುಳ್ಳ ಆ ಮಂದಿರವನ್ನು ನೋಡಿದವರು ಅದನ್ನು ಬರೆದ ಕೈ ದೇವಾಲಯಗಳನ್ನು ಬರೆದು ಪಳಗಿದ ಕೈಯೆಂದು ಸುಲಭವಾಗಿ ತಿಳಿಯುವರು.

ಅವರ ಮನೆತನವು ಸುವಾರ್ತಾಸೇವೆಯ ಮನೆತನ. ಅಜ್ಜಂದಿರಾದ ಥಾಮಸ್ ಸ್ಕಾಟರು ಸತ್ಯವೇದಕ್ಕೆ ಬರೆದ ವ್ಯಾಖ್ಯಾನವು ಆ ಕಾಲದಲ್ಲಿ ಇಂಗ್ಲಿಷ್ ಬಲ್ಲ ಕ್ರೈಸ್ತರ ಮನೆಮನೆಗಳಲ್ಲಿ ಓದಲ್ಪಡುತ್ತಿತ್ತು. ಗುಲಾಮರ ಹಡಗಿನ ನಾಯಕನಾಗಿದ್ದು ಬಳಿಕ ಪಶ್ಚಾತ್ತಾಪಪಟ್ಟು ಬೋಧಕರಾದ ಜಾನ್ ನ್ಯೂಟನರ ಸ್ನೇಹದಿಂದ ಅವರ ಮನಸ್ಸು ತಿರುಗಿತು. ನ್ಯೂಟನರ ತರುವಾಯ ಆಲ್ನಿಯೆಂಬ ಊರಿನ ಸಭೆಯನ್ನು ಅವರೇ ನೋಡಿಕೊಂಡರು. 1799ರಲ್ಲಿ ಚರ್ಚ್ ಮಿಶನರಿ ಸೊಸಾಯಿಟಿ ಹುಟ್ಟಿದಾಗ ಅದರ ಮೊದಲನೆಯ ಕಾರ್ಯದರ್ಶಿಗಳು ಅವರೇ. ಸಿರಾಂಪುರದ ವಿಲಿಯಮ್ ಕೇರಿಯವರು ತಮ್ಮ ಯೌವನದಲ್ಲಿ ಈ ಥಾಮಸ್ ಸ್ಕಾಟರ ಉಪದೇಶದಿಂದ ಬಲ ಹೊಂದಿದುದನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದರು.

ಈ ಅಜ್ಜನ ಮೊಮ್ಮಗನಾಗಿ ಗಿಲ್ಬರ್ಟ್ ಸ್ಕಾಟರು 1811ನೆಯ ಜುಲೈ 13ರಂದು ಬಕಿಂಗ್‌ಹಮ್ ಸೀಮೆಯ ಗಾಕಟ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯವರ ಹೆಸರೂ ಥಾಮಸ್. ಅವರು ಆ ಹಳ್ಳಿಯ ಸಭಾಪಾಲಕರು. ಊರು ಬಡದು, ಮನೆಯಲ್ಲಿ ಮಕ್ಕಳು ಬಹಳ. ಅಲ್ಲಿದ್ದ ದೇವಾಲಯವು ಶಿಥಿಲವಾದಾಗ ತಂದೆಯವರು ತಾವೇ ನಕ್ಷೆ ಬರೆದು 1827ರಲ್ಲಿ ಹೊಸದನ್ನು ಕಟ್ಟಿಸಿದರು. ಅದು ಅಲಂಕಾರವಿಲ್ಲದ, ಹೆಚ್ಚು ಜನರು ಕುಳಿತು ಪ್ರಸಂಗ ಕೇಳುವದಕ್ಕೆ ಅನುಕೂಲವಾದ ಮನೆ.

ಹುಡುಗನ ಮನಸ್ಸಾದರೋ ಬೇರೊಂದು ಕಡೆಗೆ ಹರಿಯಿತು. ಹತ್ತಿರದ ಹಿಲ್ಸ್‌ಡನ್ ಎಂಬ ಊರಿನಲ್ಲಿ ಪೂರ್ವಕಾಲದ ದೇವಾಲಯವೊಂದುಂಟು. ಕಲ್ಲಿನಲ್ಲಿ ಕೆತ್ತಿದ ಕಿಟಕಿಯ ಬಳ್ಳಿಗಳನ್ನೂ, ಕಂಬಗಳನ್ನೂ, ಬಣ್ಣದ ಗಾಜುಗಳನ್ನೂ ನೋಡಿದ ಮೇಲೆ ಆ ಹುಡುಗನಿಗೆ ಅದನ್ನು ಬಿಟ್ಟು ಬೇರೊಂದು ಹುಚ್ಚಿಲ್ಲದಂತಾಯಿತು. ಕಾಗದವೂ ಸೀಸದಕಡ್ಡಿಯೂ ಕೈಯಲ್ಲಿ, ಕಾಲು ಹಳೆಯ ದೇವಾಲಯಗಳ ಹಾದಿಯಲ್ಲಿ. ತಂದೆಯವರು ಇದನ್ನು ಗಮನಿಸಿ, ಮಗನು ಕಟ್ಟಡ ವಿದ್ಯೆಯನ್ನೇ ಕಲಿಯಲೆಂದು 1827ರಲ್ಲಿ ಲಂಡನಿನ ಜೇಮ್ಸ್ ಎಡ್ಮೆಸ್ಟನ್ ಎಂಬವರ ಬಳಿಗೆ ಕಳುಹಿಸಿದರು. ಈ ಎಡ್ಮೆಸ್ಟನರು ಕಟ್ಟಡದ ಕೆಲಸಕ್ಕಿಂತ ಕೀರ್ತನೆಗಳ ರಚನೆಯಲ್ಲಿ ಪ್ರಸಿದ್ಧರು; ಸುಮಾರು ಎರಡು ಸಾವಿರ ಕೀರ್ತನೆಗಳನ್ನು ಬರೆದವರು. ಆದರೆ ಹಳೆಯ ದೇವಾಲಯಗಳನ್ನು ಚಿತ್ರಿಸುತ್ತ ಕೂಡ್ರುವುದು ಅವರ ಎಣಿಕೆಯಲ್ಲಿ ಕಾಲಹರಣ.

1835ರಲ್ಲಿ ತಂದೆಯವರು ತೀರಿಕೊಂಡರು. ಇಪ್ಪತ್ತಮೂರು ವರುಷದ ಸ್ಕಾಟರಿಗೆ ಹೊಟ್ಟೆಯ ಪಾಡು ಎದುರಾಯಿತು. ತಂದೆಯ ಪರಿಚಿತರಿಗೆಲ್ಲ ಕಾಗದ ಬರೆದು ಕೆಲಸ ಬೇಡಿದರು. ಆ ಸಮಯಕ್ಕೆ ಇಂಗ್ಲೆಂಡಿನಲ್ಲಿ ದೊರಕುತ್ತಿದ್ದ ಕೆಲಸ ಯಾವುದೆಂಬುದನ್ನು ನಾವು ಮುಚ್ಚಿಡಬಾರದು. 1834ರ ಕಾನೂನಿನ ಪ್ರಕಾರ ಗತಿಗೆಟ್ಟವರನ್ನು ಇರಿಸುವುದಕ್ಕಾಗಿ ದರಿದ್ರಾಲಯಗಳು ಎಲ್ಲೆಲ್ಲಿಯೂ ಕಟ್ಟಲ್ಪಡುತ್ತಿದ್ದವು. ಅಲ್ಲಿಗೆ ಬಂದ ಬಡ ಕುಟುಂಬದಲ್ಲಿ ಗಂಡನು ಒಂದು ಭಾಗಕ್ಕೆ, ಹೆಂಡತಿಯು ಒಂದು ಭಾಗಕ್ಕೆ, ಮಕ್ಕಳು ಇನ್ನೊಂದು ಭಾಗಕ್ಕೆ. ಜನರು ಅಲ್ಲಿಗೆ ಹೋಗುವುದಕ್ಕಿಂತ ಹಸಿದಿರುವುದೇ ಲೇಸೆಂದುಕೊಳ್ಳುವಂತೆ ಅವುಗಳ ಕ್ರಮವಿತ್ತು. ಸ್ಕಾಟರು ವಿಲಿಯಮ್ ಮಾಫಟ್ ಎಂಬವರೊಡನೆ ಪಾಲುಗಾರರಾಗಿ ಹತ್ತು ವರುಷಗಳಲ್ಲಿ ಇಂಥ ಸುಮಾರು ಐವತ್ತು ಮನೆಗಳನ್ನು ಕಟ್ಟಿಸಿದರು. ಬೋಧಕರ ಮಗನ ಏಳಿಗೆಯ ಮೊದಲನೆಯ ಮೆಟ್ಟಲು ಬಡವರನ್ನು ಬೇರ್ಪಡಿಸಿದ ಆ ಗೋಡೆಗಳೇ.

ಇದೇ ಕಾಲದಲ್ಲಿ ಅವರು ಕೆಲವು ದೇವಾಲಯಗಳನ್ನೂ ಕಟ್ಟಿದರು. ಅವು ಅಗ್ಗದವು, ಅವಸರದವು. ಒಂದರ ಹಾಗೆ ಇನ್ನೊಂದು. ಮುಂದೆ ಸ್ಕಾಟರೇ ಅವುಗಳನ್ನು ನೆನೆದು ನಾಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪ್ಯೂಜಿನ್ ಎಂಬ ಶಿಲ್ಪಿಯ ಬರಹಗಳು ಅವರ ಕೈಸೇರಿದವು. ಪೂರ್ವಿಕರು ಕಟ್ಟಿದ ಚೂಪು ಕಮಾನಿನ ದೇವಾಲಯಗಳಲ್ಲಿ ಪ್ರತಿಯೊಂದು ಕಲ್ಲಿಗೂ ಒಂದು ಕಾರಣವುಂಟು, ಸುಳ್ಳು ಅಲಂಕಾರವು ಅಲ್ಲಿ ಇಲ್ಲ ಎಂಬುದು ಆ ಬರಹಗಳ ಸಾರ. ಸ್ಕಾಟರಿಗೆ ನಿದ್ರೆಯಿಂದ ಎಚ್ಚರವಾದಂತೆ ಆಯಿತು. ಬಾಲ್ಯದಲ್ಲಿ ಹಿಲ್ಸ್‌ಡನಿನಲ್ಲಿ ಕಂಡುದರ ಅರ್ಥವು ಆಗ ತಿಳಿಯಿತು.

ಇಲ್ಲಿ ನಮ್ಮ ಹಳ್ಳಿಯ ವಾಚಕರಿಗಾಗಿ ಆ ಬಗೆಯ ಕಟ್ಟಡದ ಮರ್ಮವನ್ನು ಸ್ವಲ್ಪ ವಿವರಿಸುವೆವು. ಎರಡು ಕೈಗಳ ಬೆರಳುಗಳನ್ನು ಪ್ರಾರ್ಥನೆಗೆಂಬಂತೆ ತುದಿಗೆ ತುದಿ ಜೋಡಿಸಿರಿ. ಚೂಪು ಕಮಾನು ಎಂದರೆ ಅದೇ. ಅರ್ಧಚಂದ್ರದ ಕಮಾನಿಗಿಂತ ಇದರಲ್ಲಿ ಮೇಲಿನ ಭಾರವು ಹೆಚ್ಚು ನೆಟ್ಟಗೆ ಕಂಬಕ್ಕೆ ಇಳಿಯುತ್ತದೆ. ಆದುದರಿಂದ ಗೋಡೆಯು ತೆಳ್ಳಗಿರಬಹುದು, ಕಿಟಕಿಯು ಅಗಲವಾಗಬಹುದು, ಒಳಗೆ ಬೆಳಕು ತುಂಬಬಹುದು. ಆದರೂ ಕಮಾನು ಗೋಡೆಯನ್ನು ಸ್ವಲ್ಪ ಹೊರಕ್ಕೆ ನೂಕದೆ ಇರದು. ಗೊನೆ ಬಿಟ್ಟ ಬಾಳೆಗೆ ನಾವು ಊರೆಗೋಲು ಕೊಡುವಂತೆ ಅವರು ಗೋಡೆಗೆ ಹೊರಗಿನಿಂದ ಕಲ್ಲಿನ ಆನೆಕಟ್ಟನ್ನು ಕೊಡುತ್ತಿದ್ದರು. ಜನರು ಕುಳಿತುಕೊಳ್ಳುವ ಉದ್ದವಾದ ಸಭಾಂಗಣ, ಅದರ ಎರಡು ಮಗ್ಗುಲಿಗೆ ಸಾಲು ಕಂಬಗಳಾಚೆ ಚಿಕ್ಕ ಪಡಸಾಲೆಗಳು, ಪೂರ್ವದಿಕ್ಕಿನಲ್ಲಿ ಕರ್ತನ ಮೇಜಿನ ಸ್ಥಳ, ಮೇಲೆ ದೂರದ ಹೊಲಗಳಿಗೂ ಕಾಣುವ ಗೋಪುರ: ಇಷ್ಟು ಅಂಗಗಳು.

ವಿಕ್ಟೋರಿಯಾ ಮಹಾರಾಣಿಯು ಆಳಿದ 1837ರಿಂದ 1901ರ ವರೆಗಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗಿರಣಿಯ ಊರುಗಳು ಹಠಾತ್ತಾಗಿ ಬೆಳೆದವು. ಹಳ್ಳಿ ಬಿಟ್ಟು ಬಂದ ಕೂಲಿಯವರಿಗೆ ಆರಾಧನೆಯ ಸ್ಥಳವಿರಲಿಲ್ಲ. ಹೀಗೆ ಸಾವಿರಾರು ದೇವಾಲಯಗಳು ಆ ಕಾಲದಲ್ಲಿ ಎದ್ದವು. ಅವುಗಳಲ್ಲಿ ಎರಡರ ಕಥೆಯನ್ನು ಹೇಳಿದರೆ ಸ್ಕಾಟರ ಗುಣವು ತಿಳಿಯುವುದು.

ಮೊದಲನೆಯದು ಲಂಡನಿನ ತೆಂಕಣದಲ್ಲಿರುವ ಕ್ಯಾಂಬರ್‌ವೆಲ್ಲಿನ ಸಂತ ಗೈಲ್ಸರ ದೇವಾಲಯ. ಅಲ್ಲಿದ್ದ ಪುರಾತನ ದೇವಾಲಯವು 1841ನೆಯ ಫೆಬ್ರವರಿಯಲ್ಲಿ ಒಂದೇ ರಾತ್ರಿಯ ಬೆಂಕಿಗೆ ಬೂದಿಯಾಯಿತು. ಹೊಸದಕ್ಕೆ ನಕ್ಷೆಗಳನ್ನು ಕರೆದಾಗ ಸ್ಕಾಟರದೂ ಮಾಫಟರದೂ ಆಯ್ಕೆಯಾಯಿತು. ಆದರೆ ತೆರಿಗೆ ಕೊಡಬೇಕಾದ ಊರವರು ಖರ್ಚು ಅತಿಯಾಯಿತೆಂದು ತಕರಾರು ಮಾಡಿದರು. ಸ್ಕಾಟರು ಕೋಪಿಸಿಕೊಳ್ಳದೆ ನಕ್ಷೆಯನ್ನು ತಗ್ಗಿಸಿ ಮತ್ತೊಮ್ಮೆ ಬರೆದರು. 1844ರಲ್ಲಿ ಪ್ರತಿಷ್ಠೆಯಾದ ಆ ಕಟ್ಟಡವು ಶಿಲುಬೆಯ ಆಕಾರದ್ದು. ನಡುವೆ ಇನ್ನೂರು ಅಡಿಗೂ ಮಿಗಿಲಾದ ಗೋಪುರ. ಅದರ ಪೂರ್ವದ ದೊಡ್ಡ ಕಿಟಕಿಯ ಬಣ್ಣದ ಗಾಜಿನ ರಚನೆಯಲ್ಲಿ ಅದೇ ನೆರೆಯಲ್ಲಿ ವಾಸವಾಗಿದ್ದ ಜಾನ್ ರಸ್ಕಿನ್ ಎಂಬ ತರುಣನ ಕೈಯೂ ಇತ್ತು. ಗಾಂಧೀಜಿಯವರು ಯಾರ ಪುಸ್ತಕವನ್ನು ಓದಿ ಸರ್ವೋದಯವೆಂಬ ಹೆಸರಿನಿಂದ ಗುಜರಾತಿಯಲ್ಲಿ ಅದರ ಸಾರವನ್ನು ಬರೆದರೋ ಆ ರಸ್ಕಿನನೇ ಇವನು. ಇವನ ಮಾತು ಮುಂದೆ ಮತ್ತೊಮ್ಮೆ ಬರುವುದು. ಸಂತ ಗೈಲ್ಸರ ದೇವಾಲಯದಲ್ಲಿ ಇಂದಿಗೂ ಸಭೆಯು ಕೂಡುತ್ತದೆ.

ಎರಡನೆಯದು ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್ ಎಂಬ ಉಣ್ಣೆಯ ಗಿರಣಿಗಳ ಊರಿನಲ್ಲಿ ಹೇಲಿ ಹಿಲ್ ಎಂಬ ದಿಣ್ಣೆಯ ಮೇಲಿರುವ ಸರ್ವಾತ್ಮರ ದೇವಾಲಯ. ಎಡ್ವರ್ಡ್ ಅಕ್ರಾಯ್ಡ್ ಎಂಬ ಗಿರಣಿಯ ಧನಿಯು ತನ್ನ ಕೆಲಸಗಾರರಿಗಾಗಿ ಅದನ್ನು ತನ್ನ ಸ್ವಂತ ಹಣದಿಂದ ಕಟ್ಟಿಸಿದನು. 1856ರಲ್ಲಿ ಆರಂಭವಾಗಿ 1859ರಲ್ಲಿ ಮುಗಿಯಿತು. ಗೋಪುರದ ಎತ್ತರ 236 ಅಡಿ. ಕೆಲಸಗಾರರ ವಾಸಕ್ಕೆಂದು ಅದರ ಬಳಿಯಲ್ಲೇ ಅಕ್ರಾಯ್ಡನ್ ಎಂಬ ಹೊಸ ಕೇರಿಯೂ ಎದ್ದಿತು. ಅದರ ಯೋಜನೆಯೂ ಸ್ಕಾಟರದೇ. ಹಣದ ಚಿಂತೆಯಿಲ್ಲದೆ, ತನ್ನ ಮನಸ್ಸಿಗೆ ಒಪ್ಪುವಂತೆ ಸ್ಕಾಟರು ಕಟ್ಟಿದ ದೇವಾಲಯ ಇದು. ತಾನು ಕಟ್ಟಿದ ದೇವಾಲಯಗಳಲ್ಲೆಲ್ಲ ಇದೇ ಉತ್ತಮವಾದುದೆಂದು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಇದರ ಮುಂದಿನ ಗತಿಯನ್ನು ಕಡೆಯಲ್ಲಿ ಹೇಳುವೆವು.

ಈ ನಡುವೆ ಅವರ ಹೆಸರು ದೇಶದಾಚೆಗೂ ಹಬ್ಬಿತ್ತು. ಕ್ರಾನ್ಮರ್, ರಿಡ್ಲಿ, ಲ್ಯಾಟಿಮರ್ ಎಂಬ ಸುಧಾರಣೆಯ ಸಭಾಧ್ಯಕ್ಷರು 1555 ಮತ್ತು 1556ರಲ್ಲಿ ಆಕ್ಸ್‌ಫರ್ಡಿನಲ್ಲಿ ಸುಡಲ್ಪಟ್ಟರೆಂಬುದು ನಮ್ಮ ವಾಚಕರಿಗೆ ತಿಳಿದದ್ದೇ. ಅವರ ಸ್ಮಾರಕಕ್ಕಾಗಿ ಅದೇ ಊರಿನಲ್ಲಿ 1841ರಿಂದ 1843ರ ವರೆಗೆ ಕಟ್ಟಿದ ಕಲ್ಲಿನ ಶಿಖರವು ಸ್ಕಾಟರ ಕೆಲಸ. ಜರ್ಮನಿಯ ಹ್ಯಾಂಬುರ್ಗ್ ಪಟ್ಟಣವು 1842ರ ಮೇ ತಿಂಗಳಲ್ಲಿ ಬೆಂಕಿಗೆ ತುತ್ತಾದಾಗ ಅಲ್ಲಿಯ ಲೂಥರನ್ ಸಭೆಯ ಸಂತ ನಿಕೊಲಾಯ್ ದೇವಾಲಯವೂ ಹೋಯಿತು. ಅದನ್ನು ಪುನಃ ಕಟ್ಟುವ ಕೆಲಸವು ಪಂದ್ಯದಲ್ಲಿ ಸ್ಕಾಟರಿಗೇ ಬಂದಿತು. ಇಂಗ್ಲಿಷ್ ಸಭೆಯ ಕೆಲವು ಕಟ್ಟುನಿಟ್ಟಿನ ಪತ್ರಿಕೆಯವರು ಲೂಥರನರಿಗೆ ದೇವಾಲಯ ಕಟ್ಟಿಕೊಡುವುದು ಸರಿಯಲ್ಲವೆಂದು ಅವರನ್ನು ಗದರಿಸಿದರು. ಸ್ಕಾಟರು ಹಿಂಜರಿಯಲಿಲ್ಲ. 1874ರಲ್ಲಿ ಮುಗಿದ ಅದರ ಗೋಪುರವು 147 ಮೀಟರು. ಆಗ ಲೋಕದಲ್ಲೆಲ್ಲ ಅದೇ ಎತ್ತರವಾದುದು. 1943ರ ಜುಲೈ ತಿಂಗಳ ಬಾಂಬಿನ ಮಳೆಯಲ್ಲಿ ಸಭಾಂಗಣವು ಹಾಳಾಯಿತು; ಗೋಪುರವು ಮಾತ್ರ ನಿಂತಿತು. ಯುದ್ಧದಲ್ಲಿ ಸತ್ತವರ ನೆನಪಿಗಾಗಿ ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಅವರ ಗೃಹಕೃತ್ಯವನ್ನು ಕುರಿತು ಒಂದು ಮಾತು. 1838ರಲ್ಲಿ ಅವರು ತಮ್ಮ ಬಂಧುವಾದ ಕ್ಯಾರೊಲಿನ್ ಓಲ್ಡ್ರಿಡ್ ಎಂಬಾಕೆಯನ್ನು ಮದುವೆಯಾದರು. ಸ್ಕಾಟರು ಎಷ್ಟು ಕೆಲಸಗಾರರೋ ಮನುಷ್ಯರೊಡನೆ ಖಂಡಿತ ಮಾತನಾಡುವುದರಲ್ಲಿ ಅಷ್ಟೇ ಅಂಜುಬುರುಕರು. ಮಾಫಟರೊಡನೆ ಇದ್ದ ಪಾಲುಗಾರಿಕೆಯು ತಮಗೆ ಕೆಡುಕೆಂದು ತಿಳಿದರೂ ಅದನ್ನು ಮುರಿಯುವ ಧೈರ್ಯ ಅವರಿಗಾಗಲಿಲ್ಲ. ಕಡೆಗೆ ಪತ್ನಿಯೇ ಮುಂದೆ ಬಿದ್ದು ಮಾಫಟರಿಗೆ ವಿಷಯವನ್ನು ತಿಳಿಸಿದಳು. ದರಿದ್ರಾಲಯಗಳ ಕೆಲಸವು ಅಲ್ಲಿಗೆ ಹಿಂದೆ ಬಿತ್ತು. 1872ರಲ್ಲಿ ರಾಣಿಯು ಸ್ಕಾಟರಿಗೆ ಸರ್ ಎಂಬ ಬಿರುದನ್ನು ಕೊಟ್ಟಳು. ಆದರೆ ಅದೇ ವರುಷ, ಅದಕ್ಕೆ ಕೆಲವು ತಿಂಗಳು ಮುಂಚೆಯೇ, ಆ ಪತ್ನಿಯು ತೀರಿಕೊಂಡಿದ್ದಳು.

ಈಗ ನಮ್ಮ ಪ್ರಶ್ನೆಯ ಮೂಲಕ್ಕೆ ಬರುವೆವು. ಸ್ಕಾಟರ ಬಾಳಿನ ಹೆಚ್ಚಿನ ಪಾಲು ಹೊಸ ದೇವಾಲಯಗಳಿಗಿಂತ ಹಳೆಯವುಗಳ ಜೀರ್ಣೋದ್ಧಾರದಲ್ಲಿ ಕಳೆಯಿತು. ಅವರು ಕಟ್ಟಿದ ಇಲ್ಲವೆ ತಿದ್ದಿದ ಕಟ್ಟಡಗಳು ಎಂಟು ನೂರಕ್ಕೂ ಹೆಚ್ಚು. 1847ರಿಂದ ಈಲಿಯ ಮಹಾದೇವಾಲಯವೂ, 1849ರಿಂದ ಅರಸರ ಪಟ್ಟಾಭಿಷೇಕವು ನಡೆಯುವ ವೆಸ್ಟ್‌ಮಿನ್‌ಸ್ಟರ್ ಆಬಿಯೂ ಅವರ ಮೇಲ್ವಿಚಾರಣೆಗೆ ಬಂದವು. ಒಬ್ಬ ಮನುಷ್ಯನು ಇಷ್ಟನ್ನು ನೋಡಿಕೊಳ್ಳುವುದು ಹೇಗೆ? ಒಂದು ಕಥೆಯನ್ನು ಹೇಳುವುದುಂಟು. ಒಂದು ಮುಂಜಾನೆ ಅವರು ರೈಲಿನಲ್ಲಿ ದೂರದ ಒಂದು ಊರಿಗೆ ಹೋಗಿ ಇಳಿದು, ತಾನು ಇಲ್ಲಿಗೆ ಬಂದುದು ಯಾವ ಕೆಲಸಕ್ಕೆಂದು ತಮ್ಮ ಕಛೇರಿಗೆ ತಂತಿ ಕಳುಹಿಸಿ ಕೇಳಿದರಂತೆ. ಕಥೆಯು ನಡೆದುದೇ ಆಗಲಿ ಕಟ್ಟಿದುದೇ ಆಗಲಿ, ಅದು ಅವರ ದುಡಿಮೆಯ ಅತಿರೇಕವನ್ನು ತೋರಿಸುತ್ತದೆ.

ಅವರ ಕೈಯಿಂದ ಉಳಿದುದು ಬಹಳ. 1870ರಲ್ಲಿ ಸಂತ ಆಲ್ಬನರ ಪುರಾತನ ದೇವಾಲಯದ ದೊಡ್ಡ ಗೋಪುರವು ಬಿರುಕು ಬಿಟ್ಟು, ಇಂದೋ ನಾಳೆಯೋ ಬೀಳುವ ಸ್ಥಿತಿಗೆ ಬಂದಿತು. ಕೆಲಸದವರು ಮರದ ಊರೆಗಳನ್ನು ಕೊಟ್ಟು, ಹಗಲಿರುಳೆನ್ನದೆ ಸವೆದ ಕಂಬಗಳನ್ನೂ ಅಡಿಪಾಯವನ್ನೂ ಬಲಪಡಿಸಿದರು. ಗೋಪುರವು ಇಂದಿಗೂ ನಿಂತಿದೆ. ಅದನ್ನು ಕೆಡವಿ ಹೊಸದನ್ನು ಕಟ್ಟುವುದು ಸುಲಭವಾಗಿತ್ತು. ಸ್ಕಾಟರು ಸುಲಭವಾದುದನ್ನು ಹಿಡಿಯಲಿಲ್ಲ. ಬಾಲ್ಯದಲ್ಲಿ ತನ್ನ ಕಣ್ಣು ತೆರೆಯಿಸಿದ ಹಿಲ್ಸ್‌ಡನಿನ ದೇವಾಲಯವನ್ನು ಅವರು 1870ರ ದಶಕದಲ್ಲಿ ಸ್ವತಃ ದುರಸ್ತಿ ಮಾಡಿಸಿದರು.

ಆದರೆ ಅವರ ಕೈಯಿಂದ ಹಾಳಾದುದೂ ಉಂಟು. ಹಳೆಯ ದೇವಾಲಯವೆಂದರೆ ಒಂದೇ ತಲೆಮಾರಿನವರು ಕಟ್ಟಿದುದಲ್ಲ. ಅಜ್ಜನು ಗೋಡೆಯನ್ನು ಎಬ್ಬಿಸಿದರೆ ಮಗನು ಕಿಟಕಿಯನ್ನು ಬದಲಿಸಿರುವನು, ಮೊಮ್ಮಗನು ಬಡ ಜನರಿಗಾಗಿ ಅಟ್ಟವನ್ನು ಹಾಕಿರುವನು. ಸ್ಕಾಟರೂ ಅವರ ಕಾಲದವರೂ ಇವುಗಳಲ್ಲಿ ಒಂದು ಕಾಲದ ಕೆಲಸವನ್ನು ಶುದ್ಧವೆಂದೂ ಮಿಕ್ಕವನ್ನು ಕಲಬೆರಕೆಯೆಂದೂ ಎಣಿಸಿ, ಮಿಕ್ಕವನ್ನು ಕಿತ್ತು, ಮೊದಲಿನದು ಹೀಗಿದ್ದಿರಬೇಕೆಂದು ಊಹಿಸಿ ಹೊಸ ಕಲ್ಲಿನಿಂದ ತುಂಬುತ್ತಿದ್ದರು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚಿನಲ್ಲಿ ಶತಮಾನಗಳಿಂದ ಇದ್ದ ಪೂರ್ವದ ಕಿಟಕಿಯನ್ನು ತೆಗೆದು, ಅದಕ್ಕಿಂತ ಹಿಂದಿನ ಕಾಲದ ಮಾದರಿಯಲ್ಲಿ ತಾವೇ ಬರೆದುದನ್ನು ಇಟ್ಟರು. ಇದರಲ್ಲಿ ವಿಪರೀತವೇನೆಂದರೆ, 1850ರಲ್ಲಿ ಹಳೆಯ ದೇವಾಲಯಗಳನ್ನು ವಿಶ್ವಾಸದಿಂದ ಕಾಪಾಡಬೇಕೆಂದು ಬೇಡಿಕೊಂಡು ಪುಸ್ತಕ ಬರೆದವರು ಈ ಸ್ಕಾಟರೇ. ಬಾಯಿಂದ ಕಲಿಸಿದುದನ್ನು ಕೈಯಿಂದ ನಡಿಸಲಾರದೆ ಹೋದೆವೆಂಬ ದುಃಖವು ಬೋಧಿಸುವ ಕೆಲಸದಲ್ಲಿರುವ ನಮಗೆಲ್ಲ ಪರಿಚಿತವೇ. ತಮ್ಮ ಕಾಲದ ಶಿಲ್ಪಿಗಳೆಲ್ಲರೂ, ತಾನೂ ಸಹ, ಈ ವಿಷಯದಲ್ಲಿ ತಪ್ಪಿದವರೆಂದು ಸ್ಕಾಟರು ಒಪ್ಪಿಕೊಂಡದ್ದುಂಟು.

ಲೋಕವು ಅವರನ್ನು ಸುಮ್ಮನೆ ಬಿಡಲಿಲ್ಲ. 1874ರಲ್ಲಿ ಇಂಗ್ಲೆಂಡಿನ ಶಿಲ್ಪಿಗಳ ರಾಜಸಂಸ್ಥೆಯು ತನ್ನ ಬಂಗಾರದ ಪದಕವನ್ನು ರಸ್ಕಿನನಿಗೆ ಕೊಡಲು ನಿಶ್ಚಯಿಸಿತು. ಸಂಸ್ಥೆಯ ಅಧ್ಯಕ್ಷರು ಆಗ ಸ್ಕಾಟರು. ಪುರಾತನ ಕಟ್ಟಡಗಳು ಜೀರ್ಣೋದ್ಧಾರದ ಹೆಸರಿನಲ್ಲಿ ನಾಶವಾಗುತ್ತಿರುವಾಗ ತನಗೆ ಪದಕ ಬೇಡವೆಂದು ರಸ್ಕಿನನು ನಿರಾಕರಿಸಿದನು. ಮೂವತ್ತು ವರುಷಗಳ ಹಿಂದೆ ಕ್ಯಾಂಬರ್‌ವೆಲ್ಲಿನ ಕಿಟಕಿಗೆ ಗಾಜಿನ ಚಿತ್ರ ಬರೆದ ಕೈಯೇ ಅದು. 1877ರಲ್ಲಿ ಟ್ಯೂಕ್ಸ್‌ಬರಿಯ ಹಳೆಯ ದೇವಾಲಯವನ್ನು ಸ್ಕಾಟರು ತಿದ್ದಲಿದ್ದಾರೆಂಬ ಸುದ್ದಿ ಬಂದಾಗ ವಿಲಿಯಮ್ ಮಾರಿಸ್ ಎಂಬ ಕವಿಯು ಪತ್ರಿಕೆಯಲ್ಲಿ ಬಲವಾಗಿ ಪ್ರತಿಭಟಿಸಿ, ಪುರಾತನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಕಟ್ಟಿದನು. ಕಿತ್ತು ಹೊಸದು ಮಾಡುವುದನ್ನು ಬಿಟ್ಟು, ನಿತ್ಯವೂ ಸಣ್ಣ ಪುಟ್ಟ ದುರಸ್ತಿಯಿಂದ ಕಾಪಾಡಿರೆಂಬುದೇ ಆ ಸಂಘದವರ ಉಪದೇಶ. ಸಂಘವು ಇಂದಿಗೂ ಕೆಲಸ ಮಾಡುತ್ತಿದೆ.

ಈ ನಿಂದೆಗಳು ಸ್ಕಾಟರ ಮುಪ್ಪಿಗೆ ಬಹಳ ನೋವನ್ನು ಕೊಟ್ಟವು. ಅರುವತ್ತಾರನೆಯ ವಯಸ್ಸಿನಲ್ಲಿ, 1878ನೆಯ ಮಾರ್ಚ್ 27ರಂದು ಅವರು ಹೃದಯದ ವ್ಯಾಧಿಯಿಂದ ಮರಣವನ್ನೈದಿದರು. ತಾವು ಮೂವತ್ತು ವರುಷ ಕಾಯ್ದ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿಯೇ ಅವರನ್ನು ಹೂಣಿಟ್ಟರು. ಮುಂಬಯಿಯ ರಾಜಾಬಾಯಿ ಗೋಪುರವು ಮುಗಿದುದು ಅದೇ ವರುಷದ ಕಡೆಯಲ್ಲಿ.

ಇನ್ನು ನಾವು ಹೇಳುವೆವೆಂದಿದ್ದ ಹ್ಯಾಲಿಫ್ಯಾಕ್ಸಿನ ದೇವಾಲಯದ ಗತಿ. ಗಿರಣಿಗಳ ಹೊಗೆಯಿಂದ ಅದರ ಕಲ್ಲು ಕೆಟ್ಟಿತು. ದುರಸ್ತಿಯ ವೆಚ್ಚವು ಏರಿತು. ಇತ್ತ ಗಿರಣಿಗಳು ನಿಂತವು, ಸಭೆಯೂ ಕರಗಿತು. ಸ್ಕಾಟರು ಉತ್ತಮವೆಂದೆಣಿಸಿದ ಆ ಮನೆಯಲ್ಲಿ ಈಗ ವಾರವಾರದ ಆರಾಧನೆಯಿಲ್ಲ. ಬಳಕೆ ತಪ್ಪಿದ ದೇವಾಲಯಗಳನ್ನು ಕಾಯುವ ಒಂದು ಸಂಸ್ಥೆಯು ಅದನ್ನು ಜೋಪಾನ ಮಾಡುತ್ತಿದೆ. ಊರವರ ತಕರಾರಿನಿಂದ ಖರ್ಚು ತಗ್ಗಿಸಿ ಕಟ್ಟಿದ ಕ್ಯಾಂಬರ್‌ವೆಲ್ಲಿನ ಮನೆಯಲ್ಲಾದರೋ ಪ್ರತಿ ಆದಿತ್ಯವಾರ ಬಾಗಿಲು ತೆರೆಯುತ್ತದೆ. ಒಂದರಲ್ಲಿ ಜನರು ತಮ್ಮ ಮನೆಯ ವಿಷಯವಾಗಿ ಜಗಳವಾಡುವಷ್ಟು ಅಕ್ಕರೆ ಇಟ್ಟಿದ್ದರು. ಇನ್ನೊಂದನ್ನು ಒಬ್ಬ ಧನಿಯು ಕಟ್ಟಿಸಿ ಕೊಟ್ಟನು. ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಇದನ್ನು ಯೋಚಿಸದೆ ಇರಲೂ ಆರೆವು.

ಅಪ್ಸರಕೊಂಡದ ಕಡೆಯ ಆ ಸಭೆಯವರಿಗೆ ನಾವು ಈ ಚರಿತ್ರೆಯನ್ನೆಲ್ಲ ಕಾಗದದಲ್ಲಿ ಬರೆದು, ಕಡೆಗೆ ನಮ್ಮ ಅಭಿಪ್ರಾಯವನ್ನೂ ತಿಳಿಸಿದೆವು. ತರುಣರಿಗೆ ಹೇಳಿದುದು ಇದು: ಚೂಪು ಕಿಟಕಿಗಳೂ ಎತ್ತರವಾದ ಗೋಪುರವೂ ಆ ದೇಶದ ಕಲ್ಲಿಗೂ ಚಳಿಗೂ ಮಬ್ಬು ಬೆಳಕಿಗೂ ತಕ್ಕಂತೆ ಹುಟ್ಟಿದವು, ನಮ್ಮ ಮಳೆಗೆ ಬೇಕಾದುದು ಇಳಿಜಾರಾದ ಮಾಡು, ಅಗಲವಾದ ಸೂರು, ಗಾಳಿಯಾಡುವ ಜಗಲಿ. ಇವು ನಿಮ್ಮ ಹಳೆಯ ಮನೆಯಲ್ಲಿ ಆಗಲೇ ಉಂಟು. ಹಿರಿಯರಿಗೆ ಹೇಳಿದುದು ಇದು: ನಿಮ್ಮ ಅಜ್ಜಿಯಂದಿರು ಕಲ್ಲು ಹೊತ್ತುದು ಮಕ್ಕಳ ತಲೆಯ ಮೇಲೆ ಗೋಡೆ ಬೀಳಲೆಂದಲ್ಲ. ಮುಟ್ಟಗೊಡೆವೆಂದು ಕೂತರೆ ಇನ್ನೆರಡು ಮಳೆಗಾಲದಲ್ಲಿ ಮುಟ್ಟುವುದಕ್ಕೆ ಏನೂ ಉಳಿಯದು. ಸಂತ ಆಲ್ಬನರ ಗೋಪುರಕ್ಕೆ ಮಾಡಿದಂತೆ ಮೊದಲು ಊರೆ ಕೊಟ್ಟು, ಅಡಿಪಾಯವನ್ನು ಅಗೆದು ನೋಡಿ, ಕೆಟ್ಟ ಕಲ್ಲನ್ನು ಮಾತ್ರ ಬದಲಿಸಿ, ಒಳ್ಳೆಯದನ್ನು ಅದರ ಸ್ಥಳದಲ್ಲೇ ಇರಗೊಡಿಸಿರಿ. ಮಾಡಿನ ಮರಕ್ಕೆ ಬೇಕಾದ ಹಣವನ್ನು ಹೊರಗಿನ ಧನಿಗಳಲ್ಲಿ ಬೇಡುವುದಕ್ಕೆ ಮುಂಚೆ ನಿಮ್ಮ ನಿಮ್ಮ ಮನೆಗಳಲ್ಲಿ ಎತ್ತಿರಿ. ಪಕಾಸಿಗೊಂದರಂತೆ ಒಂದೊಂದು ಮನೆಯವರು ಹೊತ್ತುಕೊಂಡರೂ ಆಗುವುದು.

ಅವರ ಉತ್ತರವು ಈ ವಾರ ಬಂದಿದೆ. ಎಲ್ಲರೂ ಒಪ್ಪಿದರೆಂದು ಬರೆದಿಲ್ಲ. ಗೋಪುರದ ಆಸೆಯನ್ನು ಬಿಡದವರು ಇನ್ನೂ ಇದ್ದಾರಂತೆ. ಆದರೆ ಬಿರುಕು ಬಿಟ್ಟ ಮೂಲೆಗೆ ಎರಡು ಹಲಸಿನ ತೊಲೆಗಳನ್ನು ಊರೆಯಾಗಿ ತರುಣರೇ ನಿಲ್ಲಿಸಿದ್ದಾರೆ. ಗೋಡೆಗೆ ಮಳೆಯ ನೀರು ಸೋಂಕದಂತೆ ತೆಂಗಿನ ಮಡಲುಗಳನ್ನು ಹಿರಿಯರೇ ಹೆಣೆದು ಕಟ್ಟಿದ್ದಾರೆ. ಮಳೆ ಬಿಟ್ಟ ಮೇಲೆ ಮೇಸ್ತ್ರಿಯು ಬಂದು ಅಡಿಪಾಯವನ್ನು ಅಗೆದು ನೋಡುವನು. ಅಲ್ಲಿಯ ತನಕ ಆರಾಧನೆಯು ಜಗಲಿಯಲ್ಲಿ ನಡೆಯುತ್ತದೆ.